ಗೋಡೆ ಒಡೆದರು, ಅತ್ತಿಗೆ ಮುಖ ಮಾತ್ರ ಈ ಕಡೆ ತಿರುಗಲಿಲ್ಲ

ಮೊನ್ನೆ ಭಾನುವಾರ ಬೆಂಗಳೂರಿಗೆ ಹೋಗಿದ್ದೆ. ಜಯನಗರದಲ್ಲಿರೋ ದೊಡ್ಡಪ್ಪನ ಮಗನ ಮನೆಗೆ. ನಿಮ್ಮಲ್ಲಿ ಸುಮಾರು ಜನ ಆ ಮನೇಲಿ ಉಂಡವರೇ. ನಾಲ್ಕು ತಿಂಗಳು ಬಾಡಿಗೆ ಮನೇಲಿದ್ದು ಅಡುಗೆಮನೆ, ಹಾಲ್ ಎರಡನ್ನೂ ಹೊಸದಾಗಿ ಮಾಡಿಸಿದ್ದಾರೆ. "ಇನ್ಮೇಲೆ ಹಬ್ಬ ಹುಣ್ಣಿಮೆ ಅಂದ್ರೆ ಎಲ್ಲರೂ ನಮ್ಮನೇಲೇ ಸೇರ್ಬೇಕು" ಅಂತ ಅಣ್ಣ ಹದಿನೆಂಟು ಜನರನ್ನು ತಿಂಡಿಗೆ ಕರೆದಿದ್ದ. ಸೆಟ್ ದೋಸೆ, ಸಾಗು, ಕಾಯಿ ಚಟ್ನಿ, ಕೇಸರಿಬಾತ್. ಮಧ್ಯದ ಗೋಡೆ ಪೂರ್ತಿ ತೆಗೆದುಹಾಕಿ ಅಡುಗೆಮನೆ, ಹಾಲ್ ಒಂದೇ ಮಾಡಿದ್ದಾರೆ. ಬೆಳಕು ತುಂಬಾ ಚೆನ್ನಾಗಿ ಬರುತ್ತೆ. ಬಿಳಿ ಕ್ವಾರ್ಟ್ಜ್ ಕಟ್ಟೆ, ಬೂದು ಬಣ್ಣದ ಕಪಾಟು, ನಡುವೆ ಒಂದು ಐಲ್ಯಾಂಡ್ (ಯಾವ ಗೋಡೆಗೂ ತಾಗದ ಒಂಟಿ ಕಟ್ಟೆ), ಅದರ ಮುಂದೆ ಎರಡು ಎತ್ತರದ ಸ್ಟೂಲು. ಕೆಲಸ ಅಚ್ಚುಕಟ್ಟಾಗಿದೆ, ಸುಳ್ಳು ಹೇಳಬಾರದು.

ಆದರೆ ಒಂದು ಗಂಟೆ ಅಲ್ಲಿ ಕೂತು ನೋಡಿದ ಮೇಲೆ ನನಗೆ ಬಂದ ಸಿಟ್ಟು ಇವತ್ತು ಬುಧವಾರವಾದರೂ ಇಳಿದಿಲ್ಲ.

ಒಲೆ ಇರೋದು ಹಿಂದಿನ ಗೋಡೆಗೆ. ಅತ್ತಿಗೆ ಬೆಳಗ್ಗೆ ಒಂಬತ್ತರಿಂದ ಹತ್ತೂವರೆ ತನಕ ಆ ಗೋಡೆ ನೋಡ್ಕೊಂಡು ದೋಸೆ ಹುಯ್ದರು. ನಾವು ಹದಿನೆಂಟು ಜನ ಅವರ ಬೆನ್ನು ನೋಡಿದೆವು. ರವಿಕೆಯ ಬೆನ್ನು ಬೆವರಿಗೆ ಒದ್ದೆಯಾಗಿ ಬಣ್ಣ ಬದಲಾಗಿದ್ದು ನನಗೆ ಸೋಫಾದಲ್ಲಿ ಕೂತು ಹಿಂದೆ ತಿರುಗಿದಾಗಲೆಲ್ಲ ಕಾಣ್ತಿತ್ತು. ಹಾಲಿನಲ್ಲಿ ನಮ್ಮ ಸೋದರತ್ತೆ ತಮ್ಮ ಮದುವೆಯ ದಿಬ್ಬಣದ ಬಸ್ಸು ಚನ್ನರಾಯಪಟ್ಟಣದ ಹತ್ತಿರ ಕೆಟ್ಟು ನಿಂತ ಕಥೆ ತೆಗೆದಿದ್ದರು. ಎಲ್ಲರೂ ಬಿದ್ದು ಬಿದ್ದು ನಗ್ತಿದ್ದೆವು. ಅತ್ತಿಗೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಕತ್ತು ಮಾತ್ರ ಈ ಕಡೆ ತಿರುಗಿಸಿ "ಏನಂತೆ? ಏನಂತೆ?" ಅಂದರು. ಅಣ್ಣ "ಆಮೇಲೆ ಹೇಳ್ತೀನಿ ಬಿಡು" ಅಂದ. ಕಾವಲಿ ಮೇಲಿನ ದೋಸೆ ಕಾಯಲ್ಲವಲ್ಲ, ಅವರು ಮತ್ತೆ ಆ ಕಡೆ ತಿರುಗಿದರು. ಇನ್ನೊಂದು ಸಲ ನಗು ಎದ್ದಾಗ ಮತ್ತೆ "ಏನಂತೆ?" ಆಗ ಯಾರೂ ಉತ್ತರ ಕೊಡಲಿಲ್ಲ, ನಾನೂ ಸೇರಿ. ಮೂರನೇ ಸಲ ಅವರು ಕೇಳಲೇ ಇಲ್ಲ.

ಇಷ್ಟಕ್ಕಾ ಗೋಡೆ ಒಡೆದಿದ್ದು?

ಗೋಡೆ ಇದ್ದಾಗಲಾದರೂ ಒಳಗೆ ಅವರೊಬ್ಬರೇ ಇದ್ದಾರೆ ಅಂತ ಯಾರಾದರೂ ಎದ್ದು ಹೋಗಿ ಬಾಗಿಲಿಗೆ ಒರಗಿ ನಿಂತು ಮಾತಾಡ್ತಿದ್ದರು. ಈಗ ಎಲ್ಲರ ಕಣ್ಣೆದುರೇ ಇದ್ದಾರಲ್ಲ ಅಂತ ಯಾರೂ ಏಳಲಿಲ್ಲ. ಆ ಐಲ್ಯಾಂಡ್ ಇದೆಯಲ್ಲ, ಅದು ಹಾಲಿನ ಕಡೆಗೇ ಮುಖ ಮಾಡಿದೆ. ಅದರ ಹಿಂದೆ ನಿಂತು ದೋಸೆ ಹುಯ್ದರೆ ಮನೆಮಂದಿಯೆಲ್ಲ ಎದುರಿಗೇ ಇರ್ತಾರೆ. ಅದರ ಮೇಲೆ ಏನಿತ್ತು ಗೊತ್ತಾ? ಒಂದು ಹಣ್ಣಿನ ಬುಟ್ಟಿ. ಮಂಡಿನೋವಿನ ಸೋದರತ್ತೆಗೆ ಆ ಎತ್ತರದ ಸ್ಟೂಲು ಹತ್ತೋಕೆ ಆಗಲ್ಲ. ಮಕ್ಕಳನ್ನು ಕೂರಿಸಿದರೆ ಬೀಳ್ತಾರೆ ಅಂತ ಭಯ. ಇರೋ ಒಂದು ಒಳ್ಳೆ ಜಾಗ ಯಾರಿಗೂ ಇಲ್ಲ.

ಒಲೆ ಯಾಕೆ ಆ ಗೋಡೆಗೇ ಹೋಯ್ತು ಅಂತ ಅಣ್ಣನ್ನ ಕೇಳಿದೆ. ಚಿಮಣಿಯ ಪೈಪು ಹೊರಗೋಡೆಗೆ ಹತ್ತಿರವಿದ್ದಷ್ಟೂ ಒಳ್ಳೇದು, ಉದ್ದವಾಗಿ ಬಳಸಿ ಬಂದರೆ ಹೊಗೆ ಸರಿಯಾಗಿ ಎಳೆಯಲ್ಲ ಅಂತ ಇಂಟೀರಿಯರ್‌ನವರು ಹೇಳಿದರಂತೆ. ನಿಜವೇ. ಆಗ್ನೇಯ ಮೂಲೆ, ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡಬೇಕು ಅನ್ನೋದು ಇನ್ನೊಂದು ಕಾರಣ. ಆಗ್ನೇಯದ ಅಡುಗೆಮನೇಲಿ ಪೂರ್ವಕ್ಕೆ ತಿರುಗಿದರೆ ಎದುರಿಗೆ ಸಿಗೋದು ಹೊರಗೋಡೆಯೇ. ವಾಸ್ತು ನಂಬೋರನ್ನ ನಾನು ಹಳಿಯೋಳಲ್ಲ. ನಮ್ಮನೆ ಒಲೆಯೂ ಆಗ್ನೇಯದಲ್ಲೇ ಇದೆ, ಹಾಲು ಉಕ್ಕಿಸಿದ್ದೂ ಅಲ್ಲೇ. ಆದರೆ ಮನೇಲಿ ಒಂದೇ ಒಲೆ ಇರಬೇಕು ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ನಕ್ಷೆ ಬರೆದವರು ಹಣ್ಣಿನ ಬುಟ್ಟಿಗೆ ಜಾಗ ಯೋಚಿಸಿದ್ದಾರೆ, ಹದಿನೆಂಟು ಜನಕ್ಕೆ ದೋಸೆ ಹುಯ್ಯೋಳ ಮುಖ ಯಾವ ಕಡೆ ಇರುತ್ತೆ ಅಂತ ಒಂದು ನಿಮಿಷ ಯೋಚಿಸಿಲ್ಲ. ನನ್ನ ಸಿಟ್ಟು ಇರೋದು ಅದಕ್ಕೆ.

ಹಾಲಿನ ಕಥೆಯೂ ಅದೇ. ಎಲ್ ಆಕಾರದ ದೊಡ್ಡ ಸೋಫಾ, ಟಿವಿ ಗೋಡೆಗೆ ಮುಖ ಮಾಡಿದೆ. ಅಂದರೆ ಕೂತವರ ಬೆನ್ನು ಅಡುಗೆಮನೆ ಕಡೆ, ಅಡುಗೆ ಮಾಡೋರ ಬೆನ್ನು ಕೂತವರ ಕಡೆ. ಎಲ್ಲರೂ ಸೇರಲಿ ಅಂತ ಇಷ್ಟು ದುಡ್ಡು ಸುರಿದು ಕಟ್ಟಿದ ಜಾಗದಲ್ಲಿ ಬೆನ್ನಿಗೆ ಬೆನ್ನು. ಆರು ಜನ ಕೂರೋ ಸೋಫಾ, ಆರು ಜನಕ್ಕೆ ಡೈನಿಂಗ್ ಟೇಬಲ್ಲು, ಮಧ್ಯೆ ಗಾಜಿನ ಟೀಪಾಯಿ. ಉಳಿದ ಆರು ಜನ ತಟ್ಟೆ ಕೈಯಲ್ಲಿ ಹಿಡ್ಕೊಂಡು ನಿಂತೇ ತಿಂದರು. ನೆಲದ ಮೇಲೆ ಸಾಲಾಗಿ ಕೂರೋಣ ಅಂದ್ರೆ ನೆಲವೇ ಖಾಲಿ ಇಲ್ಲ. ಅವರೆಕಾಯಿ ಕಾಲದಲ್ಲಿ ನಾಲ್ಕು ಜನ ಬೋಗುಣಿ ಮಧ್ಯೆ ಇಟ್ಕೊಂಡು ಕಾಳು ಹಿತಕೋದು ಎಲ್ಲಿ, ಹೇಳಿ? ನಮ್ಮ ವಂಶದ ಅರ್ಧ ಮದುವೆ ಮಾತುಕತೆ ಅವರೆಕಾಳು ಹಿತಕೋವಾಗಲೇ ಆಗಿವೆ.

ಹಾಸನದ ಕಡೆ ನಮ್ಮಜ್ಜಿ ಮನೆ ನೆನಪಿರೋರಿಗೆ ಗೊತ್ತು. ಅಜ್ಜಿ ಒಲೆ ಮುಂದೆ ಮಣೆ ಹಾಕ್ಕೊಂಡು ಕೂತಿರ್ತಿದ್ದರು. ಪಕ್ಕಕ್ಕೆ ಕತ್ತು ಹೊರಳಿಸಿದರೆ ಬಾಗಿಲಲ್ಲಿ ಊಟದ ಪಂಕ್ತಿ ಪೂರ್ತಿ ಕಾಣೋದು. ಯಾರ ಎಲೆಯಲ್ಲಿ ಹುಳಿ ಮುಗಿದಿದೆ, ಯಾವ ಮಗು ಪಲ್ಯ ಪಕ್ಕಕ್ಕೆ ತಳ್ಳಿದೆ, ಎಲ್ಲ ಕೂತಲ್ಲಿಂದಲೇ ಕಾಣೋದು. ತರಕಾರಿ ಹೆಚ್ಚೋದು ನಡುಮನೇಲಿ, ಈಳಿಗೆಮಣೆ ಅಲ್ಲೇ. ಆ ಮನೆಯನ್ನು ಹೊಗಳಿ ಹಾಡೋಕೆ ನಾನು ಬಂದಿಲ್ಲ. ಸೌದೆ ಹೊಗೆಗೆ ಅಜ್ಜಿಯ ಕಣ್ಣು ಸದಾ ಕೆಂಪಗಿರ್ತಿತ್ತು, ಹೆಂಗಸರು ಉಣ್ಣೋ ಹೊತ್ತಿಗೆ ಮೂರು ಗಂಟೆ ಆಗ್ತಿತ್ತು. ಆದರೆ ಮಾತು ಮಾತ್ರ ಅಜ್ಜಿಗೆ ಒಂದೂ ತಪ್ಪುತ್ತಿರಲಿಲ್ಲ. ಆಮೇಲೆ ಗ್ಯಾಸ್ ಬಂತು. ಇಂಡೇನ್ ಶುರುವಾಗಿದ್ದು 1965ರಲ್ಲಿ, ನಮ್ಮ ಮನೆಗಳಿಗೆ ಬರೋಕೆ ಇನ್ನೂ ಹತ್ತಿಪ್ಪತ್ತು ವರ್ಷ ಹಿಡೀತು. ನೆಲದಲ್ಲಿದ್ದ ಒಲೆ ಕಟ್ಟೆ ಹತ್ತಿತು, ಕಟ್ಟೆ ಗೋಡೆಗೆ ಅಂಟಿತು, ಕೂತಿದ್ದವಳು ಎದ್ದು ಗೋಡೆಗೆ ಮುಖ ಮಾಡಿ ನಿಂತಳು. ಹೊಗೆ ಹೋಗಿದ್ದು ದೊಡ್ಡ ಪುಣ್ಯ. ಜೊತೆಗೆ ಮಾತೂ ಹೋಗಿದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಆರ್ಕಿಟೆಕ್ಚರ್ ಓದ್ತಿರೋ ನನ್ನ ತಂಗಿ ಮಗಳು ಒಂದು ವಿಷಯ ಹೇಳಿದಳು. ಈಗಿನ ಮಾಡ್ಯುಲರ್ ಅಡುಗೆಮನೆಗಳಿಗೆಲ್ಲ ಮೂಲ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಅನ್ನೋ ಮಹಿಳೆ ಮಾಡಿದ ನಕ್ಷೆಯಂತೆ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಒಬ್ಬಳೇ ನಿಂತು ಕಡಿಮೆ ಓಡಾಟದಲ್ಲಿ ಕೆಲಸ ಮುಗಿಸಲಿ ಅನ್ನೋದು ಉದ್ದೇಶ. ಆಕೆ ಕೂಡ ಪಕ್ಕದ ಕೋಣೆಗೆ ಜಾರುವ ಬಾಗಿಲು ಇಟ್ಟಿದ್ದರು, ತಾಯಿಗೆ ಮಕ್ಕಳು ಕಾಣಲಿ ಅಂತ. ನೂರು ವರ್ಷದ ಹಿಂದೆ ಅವರಿಗೆ ಹೊಳೆದಿದ್ದು ನಮ್ಮವರಿಗೆ ಯಾಕೆ ಹೊಳೆಯಲ್ಲ?

ಈಗ ಒಂದು ಮಾತು ಹೇಳಬೇಕು. ಇದುವರೆಗೂ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

2014ರ ಯುಗಾದಿಗೆ ಅಪ್ಪ ಮೈಸೂರಿಗೆ ನಮ್ಮನೆಗೆ ಬಂದಿದ್ದರು. ಆಗ ನಮ್ಮದೂ ಹಳೇ ಅಡುಗೆಮನೆ, ಹಾಲಿಗೂ ಅದಕ್ಕೂ ನಡುವೆ ಒಂಬತ್ತು ಇಂಚಿನ ಗೋಡೆ. ನಾನು ಒಳಗೆ ಗೋಡೆ ನೋಡ್ಕೊಂಡು ಒಬ್ಬಟ್ಟು ಬೇಯಿಸ್ತಿದ್ದೆ. ಅಪ್ಪ ಹಾಲಿನಲ್ಲಿ ಮೊಮ್ಮಕ್ಕಳನ್ನು ಕೂರಿಸ್ಕೊಂಡು ಕಥೆ ಹೇಳ್ತಿದ್ದರು. ನನಗೆ ಕೇಳಿದ್ದು ನಗು ಮಾತ್ರ. ಆಮೇಲೆ ಕೇಳಿದರಾಯ್ತು ಅಂದುಕೊಂಡೆ. ಆ ಶ್ರಾವಣದಲ್ಲಿ ಅಪ್ಪ ಹೋದರು. ಎಷ್ಟೋ ದಿನ ಆದ ಮೇಲೆ ಮಗಳು ಹೇಳಿದಳು. ಎಂಟು ವರ್ಷದ ಹುಡುಗನಾಗಿ ದಸರಾ ನೋಡೋಕೆ ಬಂದ ಅಪ್ಪ ಚಿಕ್ಕ ಗಡಿಯಾರದ ಹತ್ತಿರ ಜನರ ನಡುವೆ ಕಳೆದುಹೋಗಿದ್ದರಂತೆ. ಮಾರ್ಕೆಟ್ಟಿನ ಹೂವಿನವಳೊಬ್ಬಳು ತನ್ನ ಪಕ್ಕ ಗೋಣಿಚೀಲದ ಮೇಲೆ ಕೂರಿಸ್ಕೊಂಡು ಸಂಜೆವರೆಗೂ ಮಲ್ಲಿಗೆ ಬಿಡಿಸೋಕೆ ಕೊಟ್ಟಿದ್ದಳಂತೆ. ಆ ಹೂವಿನವಳು ಅಪ್ಪನ್ನ ಏನಂತ ಕರೆದಳು ಅನ್ನೋದೂ ನನ್ನ ಮಕ್ಕಳಿಗೆ ಗೊತ್ತು. ನಲವತ್ತು ವರ್ಷ ಅಪ್ಪನ ಮಗಳಾಗಿದ್ದ ನನಗೆ ಆ ಕಥೆ ಅಪ್ಪನ ಬಾಯಲ್ಲಿ ಸಿಗಲಿಲ್ಲ. ನಾನು ಹನ್ನೆರಡು ಅಡಿ ದೂರದಲ್ಲಿದ್ದೆ.

ಅದಕ್ಕೇ ನಮ್ಮನೆ ರಿಪೇರಿಗೆ ಕೈ ಹಾಕಿದಾಗ ನಾನು ಕೇಳಿದ್ದು ಒಂದೇ. ಬಿಸಿ ಬಿಸಿ ಬಡಿಸೋವಾಗ ನನ್ನ ಮುಖ ಹಾಲಿನ ಕಡೆ ಇರಬೇಕು. 1991ರಲ್ಲಿ ಕಟ್ಟಿದ ಮನೆ, ಕಂಬವಿಲ್ಲ, ಮೇಲಿನ ಭಾರವೆಲ್ಲ ಗೋಡೆ ಮೇಲೇ. ಗೋಡೆ ಪೂರ್ತಿ ತೆಗೆಯೋ ಹಾಗಿಲ್ಲ ಅಂದರು ಎಂಜಿನಿಯರ್. (ದಯವಿಟ್ಟು ಮೇಸ್ತ್ರಿಯ ಮಾತೊಂದೇ ನಂಬಿ ಹಳೇ ಮನೆ ಗೋಡೆ ಒಡೆಸಬೇಡಿ.) ಮೇಲೆ ಭಾರ ಹೊರೋಕೆ ಲಿಂಟಲ್ (ಅಡ್ಡತೊಲೆ) ಕೊಟ್ಟು ಐದಡಿ ಅಗಲದ ತೆರವು ಮಾಡಿದರು, ಕೆಳಗೆ ಅರ್ಧಗೋಡೆ ಹಾಗೇ ಉಳೀತು. ಅದರ ಮೇಲೆ ಗ್ರಾನೈಟ್ ಹಾಸಿ, ಹಾಲಿನ ಅಂಚಿಗೆ ಏಳು ಇಂಚಿನ ಅಡ್ಡಕಲ್ಲು ನಿಲ್ಲಿಸಿದೆವು. ಈ ಕಡೆ ಎಷ್ಟು ಪಾತ್ರೆ ರಾಶಿ ಬಿದ್ದಿದ್ದರೂ ಆ ಕಡೆ ಕೂತವರಿಗೆ ಕಾಣಲ್ಲ. ಗ್ಯಾಸಿನ ರಬ್ಬರ್ ಕೊಳವೆ ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗಂತೂ ಹಾಯಿಸಲೇಬಾರದು. ಅದಕ್ಕೆ ಹೊಸ ಕಟ್ಟೆಗೆ ಕರೆಂಟಿನ ಇಂಡಕ್ಷನ್ ಒಲೆ ಇಟ್ಟು, 16 ಆಂಪ್‌ನ ಪ್ಲಗ್ ಹಾಕಿಸಿದೆ. ಅಮ್ಮನ ಬೀಡಿನ ಕಾವಲಿ ತಳ ಚಪ್ಪಟೆಯಾಗಿರೋದ್ರಿಂದ ಅದರ ಮೇಲೆ ಸೊಗಸಾಗಿ ಕಾಯುತ್ತೆ. ಹುಳಿ, ಒಗ್ಗರಣೆ, ಕರಿಯೋದು ಎಲ್ಲ ಪೂರ್ವದ ಹಳೇ ಒಲೆಯಲ್ಲೇ, ಚಿಮಣಿ ಕೆಳಗೇ. ದೋಸೆ, ಚಪಾತಿ, ಒಬ್ಬಟ್ಟು ಮಾತ್ರ ಈ ಕಡೆ.

ಕಟ್ಟೆಯ ಎತ್ತರಕ್ಕೂ ನನಗೂ ಕಂಟ್ರ್ಯಾಕ್ಟರಿಗೂ ಜಗಳವೇ ಆಯ್ತು. ಅವರು 36 ಇಂಚು ಅಂತ ಹಟ ಹಿಡಿದರು. ನೇರ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈಗೆ ಅಳತೆ ತಗೊಂಡು, ಅದರಲ್ಲಿ ನಾಲ್ಕು ಇಂಚು ಕಳೀರಿ. ನಿಮ್ಮ ಕಟ್ಟೆ ಅಷ್ಟಿರಬೇಕು. ಐದಡಿ ಒಂದಿಂಚಿನ ನನಗೆ ಅದು 34. ಎತ್ತರದ ಕಟ್ಟೆ ಮುಂದೆ ಭುಜ ಎತ್ತಿಕೊಂಡು ಐವತ್ತು ದೋಸೆ ಹುಯ್ದವರಿಗೆ ಗೊತ್ತು ಎರಡು ಇಂಚು ಅಂದರೆ ಏನು ಅಂತ.

ಹಾಲಿನಲ್ಲಿ ಟಿವಿ ತೆಗೆದು ಕೋಣೆಗೆ ಹಾಕಿದೆವು. ಸೋಫಾ ಬದಲು ಕಿಟಕಿ ಕೆಳಗೆ ಗೋಡೆಯುದ್ದಕ್ಕೂ ಹದಿನೆಂಟು ಇಂಚು ಎತ್ತರದ ಕಲ್ಲಿನ ಜಗಲಿ, ಮೇಲೆ ಹತ್ತಿ ಹಾಸಿಗೆ. ಏಳು ಜನ ಆರಾಮಾಗಿ ಕೂರ್ತಾರೆ. ಬೆನ್ನು ಕಿಟಕಿಗೆ, ಮುಖ ನನ್ನ ಕಡೆಗೆ. ಮಧ್ಯೆ ಹತ್ತು ಹನ್ನೆರಡಡಿ ನೆಲ ಪೂರ್ತಿ ಖಾಲಿ. ನೋಡಿದವರೆಲ್ಲ "ಇನ್ನೂ ಸಾಮಾನು ಬರಬೇಕಾ?" ಅಂತ ಕೇಳ್ತಾರೆ. ಬರಬೇಕಾಗಿರೋದು ಜನ.

ಅಡುಗೆಮನೆ ತೆರೆದಿಟ್ಟರೆ ಒಣಮೆಣಸಿನಕಾಯಿ ಘಾಟು ಹಾಲಿಗೆಲ್ಲ ಬರುತ್ತೆ, ಜಿಡ್ಡು ಕೂರುತ್ತೆ ಅಂತೀರಿ. ಒಗ್ಗರಣೆ ಎಲ್ಲಿ ಹಾಕ್ತೀನಿ ಅಂತ ಆಗಲೇ ಹೇಳಿದೆ. ದೋಸೆ ವಾಸನೆ ಹಾಲಿಗೆ ಬಂದರೆ ಬರಲಿ, ಅದಕ್ಕೇ ತಾನೇ ಜನ ಬಂದಿರೋದು. ಇನ್ನು ಕೆಲವರು ಈ ಕಾಲದಲ್ಲಿ ಯಾರು ಮನೇಲಿ ಅಷ್ಟು ಜನಕ್ಕೆ ಮಾಡ್ತಾರೆ, ಅಡುಗೆಯವರಿಗೆ ಹೇಳಿ ತರಿಸಿಬಿಡಿ ಅಂತಾರೆ. ತರಿಸೋರು ತರಿಸಲಿ. ತಂದಿದ್ದನ್ನು ಬಿಸಿ ಮಾಡೋಕೂ ಒಬ್ಬರು ಆ ಗೋಡೆ ಮುಂದೆಯೇ ನಿಲ್ಲಬೇಕು. ಹೆಂಗಸೇ ಯಾಕೆ ಅಂತ ಕೇಳೋ ಹುಡುಗಿಯರಿಗೆ ನನ್ನ ಪೂರ್ತಿ ಬೆಂಬಲ ಇದೆ. ನಮ್ಮನೇಲಿ ಈಗ ಅರ್ಧ ದೋಸೆ ಮಗನೇ ಹುಯ್ಯೋದು. ಕಟ್ಟೆ ಹಾಲಿಗೆ ತಿರುಗಿದ ಮೇಲೇ ಅವನು ಸೌಟು ಹಿಡಿದಿದ್ದು. ಯಾರೂ ಇಲ್ಲದ ಕೋಣೆಯಲ್ಲಿ ಗೋಡೆ ನೋಡ್ತಾ ನಿಂತ್ಕೋ ಅಂದರೆ ಯಾವ ಗಂಡು ಹುಡುಗ ಬರ್ತಾನೆ?

ಭಾನುವಾರ ಹೊರಡೋವಾಗ ಅತ್ತಿಗೆಗೆ ಇಷ್ಟೂ ಹೇಳಿದೆ. ಅಣ್ಣನಿಗೆ ಬೇಜಾರಾಯ್ತು, ಗೊತ್ತು. ಅವನು ಮಾಡಿಸಿದ್ದು ಅವರಿಗೋಸ್ಕರವೇ. ಅತ್ತಿಗೆ ಏನೂ ಮಾತಾಡಲಿಲ್ಲ, ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ನಾನೇ ದುಡುಕಿದೆನೋ ಅಂತ ಬಸ್ಸಿನಲ್ಲಿ ಮಂಡ್ಯದವರೆಗೂ ಒದ್ದಾಡಿದೆ.

ನಿನ್ನೆ ರಾತ್ರಿ ಫೋನ್ ಬಂತು. "ಆ ದಿಬ್ಬಣದ ಬಸ್ಸು ಕೊನೆಗೆ ಹೆಂಗೆ ಹೊರಡ್ತು ಕಣೇ?" ಅಂದರು. ಹೇಳಿದೆ. ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಫೋನ್ ಕೆಳಗಿಟ್ಟ ಸದ್ದು, ಅಳತೆ ಟೇಪು ಎಳೆದ ಸದ್ದು. "ಮೊಣಕೈವರೆಗೆ ಮೂವತ್ತೆಂಟೂವರೆ ಬರ್ತಿದೆ. ಐಲ್ಯಾಂಡಿನ ಹತ್ತಿರ ಪ್ಲಗ್ ಕೂಡ ಇದೆ, ಮಿಕ್ಸಿಗೆ ಅಂತ ಹಾಕಿಸಿದ್ದು. ನಿಮ್ಮಣ್ಣ 16 ಆಂಪ್‌ದಾ ಅಂತ ನೋಡ್ತಿದ್ದಾರೆ, ಒಂದು ನಿಮಿಷ ಇರು."