ಸತ್ಯಾಂಶ: ಹಳೆಯ ಸೇಬಿನ ತಳಿಗೆ ರೋಗ ಬರುವುದಿಲ್ಲವೇ?

‘ಹಳೆಯ ಸೇಬಿನ ತಳಿಗಳಿಗೆ ರೋಗವೇ ತಗಲದು, ಔಷಧಿ ಹೊಡೆಯಬೇಕಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಅಯೋವಾದಲ್ಲಿ ಕಂಡುಬಂದ ರೆಡ್ ಡೆಲಿಷಿಯಸ್, ಅದೇ ವಂಶದ ಹಿಮಾಚಲದ ರಾಯಲ್ ಡೆಲಿಷಿಯಸ್, ಕೆನಡಾದ ಮೆಕಿಂಟಾಷ್ ಎಲ್ಲವೂ ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗಕ್ಕೆ ಬೇಗ ತುತ್ತಾಗುತ್ತವೆ. ಅದನ್ನು ಚೆನ್ನಾಗಿ ತಡೆಯುವ ಪ್ರೀಮಾ, ಲಿಬರ್ಟಿ ತಳಿಗಳು 20ನೇ ಶತಮಾನದವು. ಆ ಶಕ್ತಿ ಬಂದದ್ದು ಕಾಡುಸೇಬಿನ ಸಂಕರದಿಂದ. ತಳಿಯ ವಯಸ್ಸು ನೋಡಿ ರೋಗನಿರೋಧಕತೆಯನ್ನು ಅಳೆಯಲಾಗದು.

ಶಿಲೀಂಧ್ರ ಚಳಿಗಾಲ ಕಳೆಯುವುದು ಮರದಡಿ ಬಿದ್ದ ಎಲೆಗಳಲ್ಲಿ. ವಸಂತದ ಮಳೆಗೆ ಬೀಜಾಣುಗಳು ಸಿಡಿದು ಗಾಳಿಯಲ್ಲಿ ಚಿಗುರಿಗೆ ತಲುಪುತ್ತವೆ. 17–24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಸುಮಾರು 9 ಗಂಟೆ ಒದ್ದೆಯಾಗಿದ್ದರೆ ಸೋಂಕು ಖಚಿತವೆಂದೇ ಎಣಿಸಿ. ಎಲೆಯ ಮೇಲೆ ಮಖಮಲ್ಲಿನಂಥ ಕಂದುಹಸಿರು ಚುಕ್ಕೆ ಮೂಡುತ್ತದೆ. ಕಾಯಿಯ ಮೇಲಾದರೆ ಅದು ಗಟ್ಟಿಯಾಗಿ, ಕಾಯಿ ದಪ್ಪವಾದಂತೆ ಸಿಪ್ಪೆ ಬಿರಿಯುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಹಿಂದಿನ ಶರತ್ಕಾಲದಲ್ಲೇ. ಕೊಯ್ಲು ಮುಗಿದು, ಎಲೆ ಉದುರುವ ತುಸು ಮುನ್ನ 200 ಲೀಟರ್ ನೀರಿಗೆ 10 ಕಿಲೋ ಯೂರಿಯಾ ಕರಗಿಸಿ ಎಲೆ ತೊಯ್ಯುವಂತೆ ಸಿಂಪಡಿಸಿ. ಬಿದ್ದ ಎಲೆ ಬೇಗ ಕೊಳೆತು ಶಿಲೀಂಧ್ರಕ್ಕೆ ನೆಲೆ ತಪ್ಪುತ್ತದೆ. ಅವಸರಪಟ್ಟು ಮೊದಲೇ ಹೊಡೆದರೆ ಎಳೆ ಕೊಂಬೆಗಳು ಬಲಿಯದೆ ಹಿಮಕ್ಕೆ ಸುಡುತ್ತವೆ. ಚಳಿಗಾಲದಲ್ಲಿ ಗಾಳಿಯಾಡುವಂತೆ ಕೊಂಬೆ ಸವರಿ. ಶಿಲೀಂಧ್ರನಾಶಕ ಬೇಕಾದಲ್ಲಿ ಹಸಿರು ಮೊಗ್ಗು ಇಣುಕುವಾಗ, ಮಳೆಗೆ ಮುಂಚೆ ಕೊಡಿ. ಮೂಡಿದ ಕಲೆಯನ್ನು ಯಾವ ಔಷಧಿಯೂ ಅಳಿಸದು.