ಕಾಗೆಗೆ ಎಡೆ, ಚಿಕಡೀಗೆ ಎಣ್ಣೆಕಾಳು

ನಮ್ಮ ಕಡೆ ಕಾಗೆಗೆ ಎಡೆ ಇಟ್ಟವರು ಅದು ಮುಟ್ಟಿತೋ ಇಲ್ಲವೋ ಅಂತ ಕಾಯುತ್ತಾರೆ. ಆ ತುತ್ತಿನಲ್ಲಿ ಕಾಗೆಗೆ ಎಷ್ಟು ಕಸುವು ಸಿಕ್ಕಿತು ಅಂತ ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಧಾರವಾಡದ ಡಿಸೆಂಬರ್ ರಾತ್ರಿ ಕಾಗೆಯ ಜೀವ ತೆಗೆಯುವಂಥದ್ದಲ್ಲ. ನಾವಿರುವ ಅಮೆರಿಕದ ಮಿನ್ನೆಸೋಟದಲ್ಲಿ ಜನವರಿಯ ರಾತ್ರಿ ಮೈನಸ್ 25 ಡಿಗ್ರಿಗೆ ಇಳಿಯುವುದು ಅಪರೂಪವೇನಲ್ಲ. ಇಲ್ಲಿನ ಹಿತ್ತಲಲ್ಲಿ ಓಡಾಡುವ ಚಿಕಡೀ ಹಕ್ಕಿಯ ತೂಕ ಬರೀ 11 ಗ್ರಾಂ. ಹಗಲಿಡೀ ತಿಂದು ಕೂಡಿಸಿದ ಕೊಬ್ಬನ್ನು ರಾತ್ರಿ ಪೊಟರೆಯೊಳಗೆ ನಡುಗುತ್ತಾ ಕರಗಿಸುತ್ತದೆ, ಮೈಬಿಸಿಯನ್ನೇ ಸುಮಾರು 10 ಡಿಗ್ರಿ ತಗ್ಗಿಸಿಕೊಂಡು ಬೆಳಗು ಕಾಣುತ್ತದೆ. ಅದಕ್ಕೆ ಬೇಕಾದದ್ದು ಕೊಬ್ಬು. ನಮ್ಮವರು ಹೊರಗಿಡುವ ಮಿಕ್ಕಿದ ಅನ್ನದಲ್ಲಿ ಇರುವುದು ಹೆಚ್ಚಿನಂಶ ನೀರು, ಹೊರಗಿಟ್ಟ ಸ್ವಲ್ಪ ಹೊತ್ತಿಗೇ ಕಲ್ಲು. ಚಪಾತಿ ಚೂರೂ ಅಷ್ಟಕ್ಕಷ್ಟೇ. ಉಪ್ಪು ಹಾಕಿದ ಚೂಡಾ, ಖಾರಾಸೇವೆಯಂತೂ ಬೇಡವೇ ಬೇಡ.

ಹಾಕಬೇಕಾದದ್ದು ಕಪ್ಪು ಎಣ್ಣೆ ಸೂರ್ಯಕಾಂತಿ ಬೀಜ. ಸಿಪ್ಪೆ ತೆಳು, ಎಣ್ಣೆ ಹೆಚ್ಚು. ಚಿಕಡೀ ಫೀಡರಿನಿಂದ (ಹಕ್ಕಿಗೆ ಕಾಳು ತುಂಬಿಡುವ ಡಬ್ಬಿ) ಒಂದೇ ಒಂದು ಕಾಳು ಕಚ್ಚಿಕೊಂಡು ಕೊಂಬೆಗೆ ಹಾರುತ್ತದೆ, ಎರಡೂ ಕಾಲಲ್ಲಿ ಅದನ್ನು ಒತ್ತಿ ಹಿಡಿದು ಕೊಕ್ಕಿನಿಂದ ಟಕಟಕ ಕುಟ್ಟಿ ಒಡೆಯುತ್ತದೆ. ಮತ್ತೆ ಬರುತ್ತದೆ, ಇನ್ನೊಂದೇ ಕಾಳಿಗೆ.

ಅಂಗಡಿಯ ಅಗ್ಗದ ಮಿಶ್ರಣದ ಚೀಲ ಬಿಚ್ಚಿದರೆ ನಮ್ಮವರಿಗೆ ನಗು ಬರುತ್ತದೆ: ಅರ್ಧ ಚೀಲ ಕೆಂಪು ಜೋಳ. ಇಲ್ಲಿನ ಹೆಚ್ಚಿನ ಹಿತ್ತಲ ಹಕ್ಕಿಗಳು ಜೋಳವನ್ನು ಒದ್ದು ಕೆಳಗೆ ಬೀಳಿಸುತ್ತವೆ. ಅದು ಹಿಮದಡಿ ನೆನೆದು ಬೂಸ್ಟು ಹಿಡಿಯುತ್ತದೆ, ಇಲಿ ಬರುತ್ತವೆ. ಜೊತೆಗೆ ಗುಬ್ಬಚ್ಚಿಯೂ ಬರುತ್ತದೆ. ಬೆಂಗಳೂರಿನಲ್ಲಿ ಕಾಣೆಯಾಯಿತು ಅಂತ ನಾವು ಕೊರಗುವ ಅದೇ ಗುಬ್ಬಚ್ಚಿ ಅಮೆರಿಕಕ್ಕೆ 1850ರ ದಶಕದಲ್ಲಿ ಹೊರಗಿನಿಂದ ತಂದುಬಿಟ್ಟ ಹಕ್ಕಿ. ನೀಲಿಹಕ್ಕಿಗಳ ಗೂಡು ಕಸಿಯುತ್ತದೆಂದು ಇಲ್ಲಿಯವರಿಗೆ ಅದರ ಮೇಲೆ ಸಿಟ್ಟು. ನೆಲದ ಮೇಲೆ ಮೇಯುವ ಜಂಕೋ ಎಂಬ ಪುಟ್ಟ ಹಕ್ಕಿಗಳಿಗೆ ಬಿಳಿ ಬರಗು ಒಂದು ಹಿಡಿ ಚೆಲ್ಲಿದರೆ ಸಾಕು. ಗೋಲ್ಡ್‌ಫಿಂಚ್‌ಗಾಗಿ ನೈಜರ್ ಅಂತ ದುಬಾರಿಗೆ ಮಾರುವುದು ನಮ್ಮ ಹುಚ್ಚೆಳ್ಳೇ, ಉತ್ತರ ಕರ್ನಾಟಕದ ಗುರೆಳ್ಳು. ಭಾರತ, ಇಥಿಯೋಪಿಯಾಗಳಿಂದ ಬರುವ ಈ ಕಾಳಿನ ಜೊತೆ ಕಳೆಬೀಜ ಬಂದು ಮೊಳೆಯಬಾರದೆಂದು ಕಾಯಿಸಿಯೇ ಒಳಗೆ ಬಿಡುತ್ತಾರೆ. ಕೆಲವೇ ತಿಂಗಳಲ್ಲಿ ಎಣ್ಣೆ ಒಣಗಿ ಮುಗ್ಗುತ್ತದೆ, ಆಮೇಲೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಚಿಕ್ಕ ಚೀಲ ತರುವುದೇ ಮೇಲು.

ಮರಕುಟಿಗಕ್ಕೆ ಇಲ್ಲಿಯವರು ಸ್ಯೂಟ್ ಕಟ್ಟುತ್ತಾರೆ: ದನದ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು. ಮನೆಯಲ್ಲಿ ಅದು ಆಗದವರು 1 ಕಪ್ ಉಪ್ಪಿಲ್ಲದ ಪೀನಟ್ ಬಟರ್, 1 ಕಪ್ ವೆಜಿಟೇಬಲ್ ಶಾರ್ಟನಿಂಗ್ (ಡಾಲ್ಡಾದ ದಾಯಾದಿ), 4 ಕಪ್ ಮೆಕ್ಕೆಜೋಳದ ಹಿಟ್ಟು, 1 ಕಪ್ ಗೋಧಿ ಹಿಟ್ಟು ಕಲಸಿ ಉಂಡೆ ಕಟ್ಟಬಹುದು. ಎಣ್ಣೆ ಜಾಸ್ತಿ ಸುರಿದು ಸಡಿಲ ಮಾಡಬಾರದು. ಜಿಡ್ಡು ಗರಿಗೆ ಮೆತ್ತಿದರೆ ಗರಿ ಚಳಿ ತಡೆಯುವುದಿಲ್ಲ. ಬಿಸಿಲೇರಿ ಹಿಮ ಕರಗುವ ದಿನ ಒಳಗೆ ತಂದಿಡಿ.

ಫೀಡರನ್ನು ಕಿಟಕಿಗೆ 3 ಅಡಿಯೊಳಗೆ ಇಡಬೇಕು, ಇಲ್ಲವೇ 30 ಅಡಿ ಆಚೆ. ಹತ್ತಿರವಿದ್ದರೆ ಗಾಜಿಗೆ ಬಡಿಯುವಷ್ಟು ವೇಗ ಬರುವುದಿಲ್ಲ. ನಡುವಿನ ದೂರವೇ ಕೊಲ್ಲುವುದು. ಅಳಿಲಿನ ಕಾಟ ತಪ್ಪಿಸಲು ಫೀಡರಿನ ಕಂಬ ಮರದಿಂದ 10 ಅಡಿ ದೂರವಿರಲಿ, ನೆಲದಿಂದ 4–5 ಅಡಿ ಎತ್ತರದಲ್ಲಿ ತಗಡಿನ ಕೊಳವೆ ತೊಡಿಸಿ. ಹಕ್ಕಿಗೆ ಖಾರ ತಟ್ಟುವುದಿಲ್ಲ, ಅಳಿಲಿಗೆ ತಟ್ಟುತ್ತದೆ, ನಿಜ. ಹಾಗಂತ ಬ್ಯಾಡಗಿ ಪುಡಿ ಉದುರಿಸಲು ಹೋಗಬೇಡಿ. ಅದರಲ್ಲಿ ಬಣ್ಣವೇ ಹೆಚ್ಚು, ಗಾಳಿ ಬೀಸಿದರೆ ನಿಮ್ಮ ಕಣ್ಣಿಗೇ ಬೀಳುತ್ತದೆ. ಜಿಂಕೆ ಕಂಡು ಮರುಗಿ ಮೆಕ್ಕೆಜೋಳ ಸುರಿಯುವುದು ಇನ್ನೂ ದೊಡ್ಡ ತಪ್ಪು. ಚಳಿಗಾಲದಲ್ಲಿ ಕಡ್ಡಿ, ಚಿಗುರಿಗೆ ಒಗ್ಗಿದ ಅದರ ಹೊಟ್ಟೆ ಹುಳಿಯೇರಿ ಸಾಯುವುದುಂಟು; ಕೆಲವು ಕೌಂಟಿಗಳಲ್ಲಿ ಜಿಂಕೆಗೆ ಹಾಕುವುದೇ ನಿಷೇಧ.

ನಮ್ಮ ಪದ್ಧತಿಯಲ್ಲಿ ನನಗೆ ಒಪ್ಪದ ಒಂದು ಅಂಶವೆಂದರೆ, ಹಾಕಿದ ಮೇಲೆ ಜಾಗ ತೊಳೆಯುವ ಮಾತೇ ಇಲ್ಲ. ಬೆಂಗಳೂರಿನಲ್ಲಿ ಪಾರಿವಾಳಗಳಿಗೆ ಕಾಳು ಸುರಿಯುವ ಕಡೆ ನೋಡಿದರೆ ಗೊತ್ತಾಗುತ್ತದೆ: ಕಾಳು, ಹಿಕ್ಕೆ, ಗರಿ ಎಲ್ಲ ಒಂದೇ ಕಡೆ. ಇಲ್ಲಿ ಎರಡು ವಾರಕ್ಕೊಮ್ಮೆ 9 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಫೀಡರ್ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೆ ತುಂಬುತ್ತಾರೆ. ತೊಳೆಯದಿದ್ದರೆ ಸಾಲ್ಮೊನೆಲ್ಲಾ ಹರಡುತ್ತದೆ, ಫಿಂಚ್‌ಗಳಿಗೆ ಕಣ್ಣು ಊದುವ ರೋಗ ಅಂಟುತ್ತದೆ.

ನೀರಿಡುವುದರಲ್ಲಿ ಮಾತ್ರ ನಾವು ಪಳಗಿದವರು. ಬೇಸಿಗೆಯ ಮಣ್ಣಿನ ಬಟ್ಟಲಿನ ಕೆಲಸವನ್ನು ಇಲ್ಲಿ ಹೀಟರಿರುವ ತಟ್ಟೆ ಮಾಡುತ್ತದೆ.

ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೊರಟವರು ಹಕ್ಕಿಗಳು ಉಪವಾಸ ಬೀಳುತ್ತವಲ್ಲ ಅಂತ ಒದ್ದಾಡುತ್ತಾರೆ. 1980ರ ದಶಕದಲ್ಲಿ ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಬ್ರಿಟಿಂಗ್‌ಹ್ಯಾಮ್ ಮತ್ತು ಟೆಂಪಲ್ ಎಂಬ ಸಂಶೋಧಕರು ಅಧ್ಯಯನ ಮಾಡಿದಾಗ ಫೀಡರ್ ಇದ್ದ ಕಡೆ ಚಳಿಗಾಲ ದಾಟಿದ ಚಿಕಡೀಗಳು 69%, ಇಲ್ಲದ ಕಡೆ 37%. ವ್ಯತ್ಯಾಸ ಎದ್ದು ಕಂಡದ್ದು ಕಡುಚಳಿಯ ತಿಂಗಳುಗಳಲ್ಲಿ. ಆದರೆ ವರ್ಷಗಟ್ಟಲೆ ಫೀಡರಿಗೆ ಒಗ್ಗಿದ್ದ ಹಕ್ಕಿಗಳಿಂದ ಅದನ್ನು ಕಿತ್ತುಕೊಂಡು ನೋಡಿದಾಗ, ಅವು ಕಾಡಿನ ಉಳಿದ ಚಿಕಡೀಗಳಷ್ಟೇ ಬದುಕಿಕೊಂಡವು. ಹಾಗಾಗಿ ನಿಶ್ಚಿಂತೆಯಿಂದ ಹೊರಡಿ. ಹೊರಡುವ ಮುಂಚೆ ಉಳಿದ ಕಾಳು ತೆಗೆದು, ತೊಳೆದು, ಫೀಡರನ್ನು ಗ್ಯಾರೇಜಿನಲ್ಲಿ ಬೋರಲು ಹಾಕಿ.