ಗ್ರಾವೆನ್‌ಸ್ಟೈನ್ ನಿಮ್ಮ ಅಂಗಡಿಗೆ ಬರಲ್ಲ, ನೀವೇ ಹೋಗಬೇಕು

"ಅಮೆರಿಕದ ಆ್ಯಪಲ್‌ಗೆ ರುಚಿಯೇ ಇಲ್ಲ ಬಿಡ್ರೀ" ಅನ್ನೋ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರಿಗೆಲ್ಲ ನನ್ನದೊಂದೇ ಮಾತು: ಆಗಸ್ಟ್‌ನಲ್ಲಿ ಒಂದ್ಸಲ ಸೆಬಾಸ್ಟೊಪೋಲ್‌ಗೆ ಹೋಗಿ ಬನ್ನಿ. ಸಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರೋ ಊರು. ಅಲ್ಲಿ 116ನೇ ಹೆದ್ದಾರಿಗೇ ಗ್ರಾವೆನ್‌ಸ್ಟೈನ್ ಸೇಬಿನ ಹೆಸರಿಟ್ಟಿದ್ದಾರೆ.

ನೋಡೋಕೆ ಅಂಥ ಚೆಲುವೇನಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಹಳದಿ ಬೆರೆತ ಹಸಿರು ಸಿಪ್ಪೆ ಮೇಲೆ ಯಾರೋ ಅವಸರದಲ್ಲಿ ಕುಂಚ ಒರೆಸಿ ಹೋದ ಹಾಗೆ ಕೆಂಪು ಗೀರು. ಚೆನ್ನಾಗಿ ಮಾಗಿದ್ದರೆ ಕೈಗೆ ಕೊಂಚ ಜಿಡ್ಡು ಹತ್ತುತ್ತೆ. ಪಾಲಿಶ್ ಹಾಕಿದ್ದಾರೆ ಅಂತ ಅನುಮಾನ ಬೇಡ, ಅದು ಹಣ್ಣಿನದೇ ಮೇಣ. ಕಚ್ಚೋ ಮೊದಲು ಮೂಸಿ ನೋಡಿ. ಸಿಪ್ಪೆ ತೆಳು, ಹಲ್ಲಿಗೆ ತಡೆಯೇ ಆಗಲ್ಲ. ಮೊದಲು ಹುಳಿ ಚುರ್ ಅನ್ನುತ್ತೆ, ಬೆನ್ನಿಗೇ ಸಿಹಿ, ಅಷ್ಟರಲ್ಲಿ ರಸ ಮೊಣಕೈ ತನಕ. ನುಂಗಿದ ಮೇಲೂ ಪರಿಮಳ ಬಾಯಲ್ಲಿ ನಿಲ್ಲುತ್ತೆ. ಬರೀ ಸಿಹಿ ಇರೋ ಫ್ಯೂಜಿ ಸೇಬಿನಲ್ಲಿ ಈ ಜಗಳದ ಮಜಾ ಎಲ್ಲಿದೆ?

ಹಾಗಿದ್ರೆ ಅಂಗಡಿಗೆ ಯಾಕೆ ಬರಲ್ಲ? ತೊಟ್ಟು ಗಿಡ್ಡ, ಹಣ್ಣು ತಾನಾಗೇ ಉದುರುತ್ತೆ. ಒಂದೇ ಮರದ್ದು ಒಟ್ಟಿಗೆ ಮಾಗಲ್ಲ, ಮತ್ತೆ ಮತ್ತೆ ಏಣಿ ಹಾಕಬೇಕು. ಕಿತ್ತ ಮೇಲೆ ಹೆಚ್ಚು ದಿನ ತಡೆಯೋದೂ ಇಲ್ಲ. ಲಾರಿಗೆ, ಕೋಲ್ಡ್ ಸ್ಟೋರೇಜ್‌ಗೆ ಬೇಕಾದ ಒಂದು ಗುಣವೂ ಇದಕ್ಕಿಲ್ಲ. ಆ ಗುಣಗಳೆಲ್ಲ ಇದ್ದದ್ದು ರೆಡ್ ಡೆಲಿಷಿಯಸ್ ಅನ್ನೋ ಸೇಬಿನ ತಳಿಗೆ. ಕೆಂಪು ಹೆಚ್ಚು ಬಂದ ಕೊಂಬೆಗಳನ್ನೇ ಆರಿಸಿ ಆರಿಸಿ ಕಸಿ ಕಟ್ಟಿದರು. ಬಣ್ಣ ಗೆದ್ದಿತು, ರುಚಿ ಸತ್ತಿತು.

ಸೇಬಿನ ತೋಟ ಕಿತ್ತು ವೈನ್ ದ್ರಾಕ್ಷಿ ಹಾಕಿದ ರೈತರನ್ನು ಬೈಯೋದು ಸುಲಭ. ಸೇಬಿಗೆ ಜ್ಯೂಸ್ ಕಾರ್ಖಾನೆ ಕೊಡ್ತಿದ್ದ ಪುಡಿಗಾಸೆಲ್ಲಿ, ಪಿನೋ ನುವಾರ್ ದ್ರಾಕ್ಷಿಗೆ ಸಿಗೋ ಬೆಲೆಯೆಲ್ಲಿ! ಸ್ಥಳೀಯ ಆಹಾರ ಉಳಿಸೋಕೆ ದುಡಿಯೋ ಸ್ಲೋ ಫುಡ್ ಸಂಘಟನೆಯವರು ಉಳಿಸಬೇಕಾದ ತಳಿಗಳ ಪಟ್ಟಿಗೆ ಗ್ರಾವೆನ್‌ಸ್ಟೈನ್ ಅನ್ನು ಸೇರಿಸಿದ್ದಾರೆ. ಡೆನ್ಮಾರ್ಕ್‌ನಲ್ಲಿ 2005ರಿಂದ ಇದು ರಾಷ್ಟ್ರೀಯ ಸೇಬು. ಸಂತೋಷ, ಆದರೆ ಬಿರುದಿನಿಂದ ಯಾರ ಸಾಲವೂ ತೀರಲ್ಲ. ರಸ್ತೆಬದಿ ಕಂಡ ತೋಟದ ಮುಂದೆ ಗಾಡಿ ನಿಲ್ಲಿಸಿ, ಚೌಕಾಸಿ ಮಾಡದೆ ಒಂದು ಪೆಟ್ಟಿಗೆ ಕೊಳ್ಳಿ. (ಕಾಫಿಗೆ ಆರು ಡಾಲರ್ ಕೊಡೋವಾಗ ನಾವ್ಯಾರೂ ಚೌಕಾಸಿ ಮಾಡಲ್ಲ.)

ಅಷ್ಟೊಂದು ತಂದು ಏನು ಮಾಡೋದು ಅಂತೀರಾ? ಅಲ್ಲಿಯವರು ಪೈ, ಸಾಸ್ ಮಾಡ್ತಾರೆ, ಚೆನ್ನಾಗೇ ಇರುತ್ತೆ. ನಾನು ಮಾಗಿದ್ದನ್ನು ಹಾಗೇ ತಿಂದು, ಇನ್ನೂ ಹಸಿರಾಗಿರೋದನ್ನು ಸಣ್ಣಗೆ ಹೆಚ್ಚಿ ಉಪ್ಪು, ಖಾರ, ಹುರಿದ ಮೆಂತ್ಯದ ಪುಡಿ ಬೆರೆಸಿ ಇಂಗಿನ ಒಗ್ಗರಣೆ ಕೊಡ್ತೀನಿ. ಮಾವಿನಕಾಯಿ ಸಿಗದ ಊರಲ್ಲಿ ಮೊಸರನ್ನಕ್ಕೆ ಇದಕ್ಕಿಂತ ಬೇಕಾ? ಸೆಪ್ಟೆಂಬರ್‌ಗೆ ಅಂತ ಮುಂದೂಡಬೇಡಿ, ಅಷ್ಟು ಹೊತ್ತಿಗೆ ಮುಗಿದಿರುತ್ತೆ.